ಕೊಕ್ಕಡದ ಪದ್ಮಯ್ಯನ ಕರೆ

ಬೆಳಿಗ್ಗೆ ಹನ್ನೊಂದು ದಾಟಿ ಎಂಟು ನಿಮಿಷವಾಗಿತ್ತು. ಫೋನಿನ ಮೂರು ದೀಪಗಳಲ್ಲಿ ಒಂದೂ ಉರಿಯಲಿಲ್ಲ. ಶಶಿಪ್ರಭಾ ಮೂರನೆಯ ಹಾಡು ಹಾಕಿ, ಗಾಜಿನಾಚೆ ಕೂತಿದ್ದ ಜಸ್ನಾಳ ಕೈಯನ್ನೇ ನೋಡಿದಳು. ಆ ಕೈ ರಿಸೀವರಿನ ಪಕ್ಕದಲ್ಲೇ ಇತ್ತು.

ಕರೆಗಳನ್ನು ಅವಳೇ ಕಟ್ ಮಾಡುತ್ತಿದ್ದಾಳೆ. ಶಶಿಪ್ರಭಾಳಿಗೆ ಅದರಲ್ಲಿ ಇನ್ನು ಅನುಮಾನವೇ ಉಳಿದಿರಲಿಲ್ಲ.

ಮೂಡುಬಿದಿರೆಯ ಜವಳಿ ಅಂಗಡಿಯೊಂದರ ಮಾಳಿಗೆಯಲ್ಲಿ ಈ ಖಾಸಗಿ ರೇಡಿಯೋ ಶುರುವಾಗಿ ಎರಡು ವರ್ಷ. ಮೊದಲ ದಿನದಿಂದಲೂ ‘ಹನ್ನೊಂದರ ಹರಟೆ’ ಅವಳದ್ದೇ. ಮೊದಲ ವಾರ ಒಂದು ನರಪಿಳ್ಳೆಯೂ ಫೋನ್ ಮಾಡಿರಲಿಲ್ಲ. ಅವಳು ಮನೆಗೆ ಬಂದು ಊಟ ಬಿಟ್ಟು ಮಲಗಿದ್ದಳು. ಎರಡನೆಯ ಸೋಮವಾರ ಕೊಕ್ಕಡದ ಪದ್ಮಯ್ಯ ಎಂಬ ಮುದುಕರು ಫೋನಿನಲ್ಲಿ ಕೆಮ್ಮಿದರು. “ನಿಮ್ಮ ಸ್ವರ ಕೇಳದಿದ್ದರೆ ನಮ್ಮ ದನ ಹಾಲು ಕೊಡುವುದಿಲ್ಲ ಮಾರಾಯ್ರೆ,” ಎಂದರು.

ಬುಧವಾರ ಕನ್ಯಾನದಿಂದ ಪಾತುಮ್ಮ ಮಾತಾಡಿ, ಅಷ್ಟು ದೊಡ್ಡ ಸುಳ್ಳು ಹೇಳುವವನ ಮನೆಯಲ್ಲಿ ದನವೇ ಇರಲಿಕ್ಕಿಲ್ಲ ಎಂದಳು. ಆ ಜಗಳಕ್ಕೆ ಊರೆಲ್ಲ ಕಿವಿಯಾಯಿತು. ಪದ್ಮಯ್ಯನ ಪರ ಬಂಟ್ವಾಳದವರು, ಪಾತುಮ್ಮನ ಪರ ಬೆಳ್ತಂಗಡಿಯವರು ಫೋನ್ ಮಾಡತೊಡಗಿದರು. ಜಾಹೀರಾತಿನವರೂ ಹುಡುಕಿಕೊಂಡು ಬಂದರು. ಇಂಜಿನಿಯರ್ ಅಬ್ದುಲ್ಲ ಮಾತ್ರ ತಲೆ ಕೆರೆದುಕೊಂಡ. ನಮ್ಮ ಸ್ಟೇಷನ್ ಅಷ್ಟು ದೂರದ ಕನ್ಯಾನದವರೆಗೆ ಹೇಗೆ ಸಿಗುತ್ತದೆಂದು ಅವನಿಗೆ ಅರ್ಥವಾಗಲಿಲ್ಲ.

“ಪ್ರೀತಿ ಇದ್ದರೆ ಸಿಗ್ತದೆ,” ಎಂದು ಶಶಿಪ್ರಭಾ ನಕ್ಕಿದ್ದಳು.

ಹರಟೆಯ ಸ್ಪರ್ಧೆಗಳಲ್ಲಿ ಕುಕ್ಕರ್ ಗೆಲ್ಲಲಿ, ಕೊಡೆ ಗೆಲ್ಲಲಿ, ಅವರಿಬ್ಬರೂ ಬಹುಮಾನ ಒಯ್ಯಲು ಬಂದವರಲ್ಲ. ಅಂಗನವಾಡಿಗೆ ಕೊಡಿ ಎನ್ನುತ್ತಿದ್ದರು. ದೊಡ್ಡ ಮನಸ್ಸೆಂದರೆ ಇದು ಎಂದು ಅವಳು ಕಣ್ಣೊರೆಸಿಕೊಂಡದ್ದೂ ಉಂಟು.

ಈ ಸಲ ಶಾಲೆ ಶುರುವಾದ ವಾರ ಜಸ್ನಾ ಕೆಲಸಕ್ಕೆ ಸೇರಿದಳು. ಕರೆ ಎತ್ತುವುದು, ನಂಬರು ಬರೆದುಕೊಳ್ಳುವುದು ಎಲ್ಲ ಹೊರಗೆ ಕೂತವರ ಕೆಲಸ. ಒಳಗಿದ್ದವಳಿಗೆ ಕಾಣುವುದು ದೀಪ ಮಾತ್ರ. ಆ ವಾರದಿಂದ ಪದ್ಮಯ್ಯನೂ ಇಲ್ಲ, ಪಾತುಮ್ಮನೂ ಇಲ್ಲ. ಅವರ ಜಗಳ ನಿಂತ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಜಾರಿಕೊಂಡರು.

ಕಾರ್ಯಕ್ರಮ ಮುಗಿಸಿ ಹೊರಬಂದಾಗ ಮ್ಯಾನೇಜರ್ ಶೋಧನ್ ಕಾಯುತ್ತಿದ್ದ.

“ಶಶಿಯಕ್ಕ, ಬೇಜಾರು ಮಾಡ್ಬೇಡಿ. ಸೋಮವಾರದಿಂದ ಹರಟೆ ಜಸ್ನಾ ಮಾಡಲಿ.”

ಅವಳು ನೇರ ಜಸ್ನಾಳ ಮೇಜಿನ ಮುಂದೆ ಹೋಗಿ ನಿಂತಳು.

“ನನ್ನ ಅನ್ನಕ್ಕೆ ಕಲ್ಲು ಹಾಕಿದೆಯಲ್ಲ? ಪದ್ಮಯ್ಯನವರ ಕರೆ ಕಟ್ ಮಾಡಿದ್ದು ನೀನೇ.”

ಜಸ್ನಾಳ ಮುಖ ಬಾಡಿತು. “ಕರೆ ಬಂದರೆ ಅಲ್ವಾ ಅಕ್ಕ ಕಟ್ ಮಾಡುವುದು? ಹಳೇ ಪುಸ್ತಕದಿಂದ ನಂಬರು ಹುಡುಕಿ ನಾನೇ ಎರಡು ಸಲ ಮಾಡಿದೆ. ಎತ್ತಿದರು. ಮಾತಾಡ್ಲಿಲ್ಲ.” ಒಂದು ಚೀಟಿಯಲ್ಲಿ ಇಬ್ಬರ ನಂಬರೂ ಬರೆದುಕೊಟ್ಟಳು. “ಇಲ್ಲಿಂದ ಮಾಡ್ಬೇಡಿ. ಮನೆಗೆ ಹೋಗಿ ಮಾಡಿ.”

ಬಸ್ಸಿನಲ್ಲಿ ಚೀಟಿ ಬಿಡಿಸಿ ನೋಡಿದಳು. ಕೊನೆಯ ಅಂಕೆ ಬಿಟ್ಟರೆ ಎರಡೂ ನಂಬರು ಒಂದೇ. ಸುಳ್ಳು ಬರೆಯುವಾಗಲೂ ಸೋಮಾರಿತನ ಬಿಡಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಯೋಚನೆ ಬಂತು, ಅದು ಇನ್ನೂ ಕೆಟ್ಟದ್ದು. ನಂಬರು ನಿಜವೇ ಆಗಿದ್ದರೆ? ಪದ್ಮಯ್ಯ ಫೋನ್ ಎತ್ತಿಯೂ ಬೇಕೆಂದೇ ಬಾಯಿ ಮುಚ್ಚಿ ಕೂತಿದ್ದರೆ?

ಪುಂಜಾಲಕಟ್ಟೆಯಲ್ಲಿ ಇಳಿದವಳು ಮನೆಗೆ ಹೋಗದೆ ಗಂಡನ ಅಂಗಡಿಯ ಮೆಟ್ಟಿಲು ಹತ್ತಿದಳು. ನಿತ್ಯಾನಂದನದ್ದು ಸಿಮ್, ರೀಚಾರ್ಜ್ ಮಾರುವ ಸಣ್ಣ ಅಂಗಡಿ. ಇಪ್ಪತ್ತು ವರ್ಷ ತುಳು ನಾಟಕಗಳಲ್ಲಿ ಅಜ್ಜನಿಂದ ಮದುಮಗಳವರೆಗೆ ಎಲ್ಲರಿಗೂ ಸ್ವರ ಕೊಟ್ಟು ಅವನ ಗಂಟಲು ಕೆಟ್ಟಿತ್ತು. ಆಪರೇಷನ್ ಆದ ಮೇಲೆ ಮೂರು ತಿಂಗಳು ಪಿಟ್ಟೆನ್ನಬಾರದೆಂದು ಡಾಕ್ಟರು ಹೇಳಿದ್ದರು. ಆಗ ಪಕ್ಕದ ಅಂಗಡಿಯಲ್ಲಿ ಶಾಲೆಯ ಸಾಮಾನು ಹೊಸದಾಗಿ ಬಂದಿತ್ತು. ಅಲ್ಲಿಂದಲೇ ಒಂದು ಸ್ಲೇಟು ಕೊಂಡಿದ್ದ. ಈಗ ಅವನ ಮಾತೆಲ್ಲ ಅದರಲ್ಲೇ.

ಅವಳ ಮುಖ ನೋಡಿ ‘ಊಟ?’ ಎಂದು ಬರೆದ.

“ಊಟ ಎಂಥದು. ಸೋಮವಾರದಿಂದ ನಾನಿಲ್ಲ.” ಅವಳು ಸ್ಟೂಲಿನ ಮೇಲೆ ಕುಸಿದಳು. “ಜಸ್ನಾ ಬಿಡಿ, ನಿನ್ನೆ ಮೊನ್ನೆ ಬಂದವಳು. ಆದರೆ ಪದ್ಮಯ್ಯನವರು? ನಾನು ಅವರನ್ನು ಅಪ್ಪನ ಹಾಗೆ ನಂಬಿದ್ದೆ. ಎರಡು ವರ್ಷ ದಿನಾ ಮಾತಾಡಿದವರು, ನನಗೆ ಬೇಕಾದಾಗ ಒಂದು ಕರೆ ಮಾಡಲಿಕ್ಕೆ ಆಗ್ಲಿಲ್ವಾ?”

ನಿತ್ಯಾನಂದನ ಬಳಪ ಸ್ಲೇಟಿನ ಮೇಲೆಯೇ ನಿಂತಿತು. ಆಮೇಲೆ ಮೆಲ್ಲಗೆ ‘ಏನೋ ಕಷ್ಟ ಇರಬಹುದು’ ಎಂದು ಬರೆದ.

“ನೀವು ಅವರ ಪರ ಮಾತಾಡ್ಬೇಡಿ. ಕಷ್ಟವಾದರೆ ಹೇಳಬಾರದಿತ್ತಾ? ನಂಬಿಸಿ ಕೈಬಿಟ್ಟರು. ಇವತ್ತು ಕೇಳಿಯೇ ಬಿಡ್ತೇನೆ, ನಾನು ನಿಮಗೆ ಏನು ದ್ರೋಹ ಮಾಡಿದ್ದೆ ಎಂದು.”

ಅವಳು ಮೊಬೈಲ್ ತೆಗೆದಳು. ಅವನು ಬೇಡವೆಂದು ಕೈಯಾಡಿಸಿದ. ಅವಳು ಅತ್ತ ನೋಡದೆ ಚೀಟಿಯ ಮೊದಲನೆಯ ನಂಬರು ಒತ್ತಿ ಕಿವಿಗಿಟ್ಟುಕೊಂಡಳು.

ಗಂಡನ ಮೇಜಿನ ಖಾನೆಯೊಳಗೆ ಫೋನು ರಿಂಗಾಯಿತು. ನಿತ್ಯಾನಂದ ತಲೆಯೆತ್ತದೆ ಸ್ಲೇಟು ಒರೆಸಿ ಬರೆದ: ‘ಪಾತುಮ್ಮನದ್ದೂ ಇದರಲ್ಲೇ ಉಂಟು.’