ಒಂದು ತೊಟ್ಟು ‘ಶುಗರ್ ಮಾಯ’

“ಬೆರಳು ಬೇಡಮ್ಮಾ, ಆ ಬಾಟಲಿ ಕೊಡು,” ಎಂದಳು ಮಗಳು, ಶುಗರ್ ನೋಡುವ ಮೀಟರ್ ಹಿಡಿದು. ಲ್ಯಾಬಿನಲ್ಲಿ ದಿನವಿಡೀ ಊರವರ ರಕ್ತ ಪರೀಕ್ಷಿಸುವವಳು ಅವಳು. ಮನೆಯಲ್ಲಿ ಹೆತ್ತ ತಾಯಿಯೇ ಡಾಕ್ಟರ ಮಾತ್ರೆ ಬಿಟ್ಟು, ಯಾವುದೋ ಕಂಪನಿಯ ‘ಶುಗರ್ ಮಾಯ’ ಸಿರಪ್ಪಿಗೆ ಶರಣಾಗಿದ್ದಳು. ಕಾಲಿನ ಗಾಯ ತಿಂಗಳಾದರೂ ಮಾಗಿರಲಿಲ್ಲ. ಹೇಳಿ ಹೇಳಿ ಮಗಳಿಗೆ ಸಾಕುಸಾಕಾಗಿತ್ತು.

ಹೊಸ ಬಾಟಲಿಯ ಸೀಲನ್ನು ಅಮ್ಮನ ಕಣ್ಣೆದುರೇ ಒಡೆದು, ರಕ್ತ ಹಾಕುವ ಸ್ಟ್ರಿಪ್ಪಿಗೆ ಒಂದು ತೊಟ್ಟು ಸಿರಪ್ ತಾಗಿಸಿದಳು. ಅಳೆಯಲಾಗದಷ್ಟು ಸಕ್ಕರೆಯೆಂದು ಮೀಟರ್ ಕೈಚೆಲ್ಲಿತು.

“ನೀನೇ ನೋಡು, ಬರೀ ಸಕ್ಕರೆ ಪಾಕ! ಈಗಲಾದ್ರೂ ನಂಬ್ತೀಯಾ?”

ಅಮ್ಮ ಕನ್ನಡಕ ಏರಿಸಿ ಮೀಟರನ್ನೂ ಬಾಟಲಿಯನ್ನೂ ನೋಡಿದಳು. ಮುಖ ಅರಳಿತು.

“ಅಬ್ಬಬ್ಬಾ! ಇನ್ನೂ ಬಾಯಿಗೇ ಹಾಕಿಲ್ಲ, ಆಗ್ಲೇ ನನ್ ಮೈಯಿಂದ ಎಷ್ಟು ಸಕ್ಕರೆ ಎಳ್ಕೊಂಡಿದೆ ನೋಡೇ!”