ಆಲಮೇಲದ ಚಂದ್ರಕಲಾ

ಪ್ರೋಗ್ರಾಂ ಏನೂ ಮಾಡಲಿಲ್ಲ. ಶಿವಾನಿ ಮತ್ತೊಮ್ಮೆ ಒತ್ತಿದಳು. ಸಣ್ಣ ಚೌಕವೊಂದು ತೆರೆದು, ‘ಸಿದ್ಧವಾಗಿದೆ’ ಎಂದು ತೋರಿಸಿ ಸುಮ್ಮನಾಯಿತು. ಸಿಂದಗಿಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟಿರುವ ಗೆಳತಿ ಜಾಸ್ಮಿನ ಬೆಳಿಗ್ಗೆ ಕಳಿಸಿದ್ದು ಅದು. ಹಳೆಯ ಕನ್ನಡ ಫೈಲುಗಳನ್ನು ಹೊಸ ಅಕ್ಷರಕ್ಕೆ ತಿರುಗಿಸುತ್ತದಂತೆ. ಗುರುತಿಲ್ಲದ ಯಾರೋ ಪುಕ್ಕಟೆ ಕೊಟ್ಟು ಹೋಗಿದ್ದರು. ‘ನೀ ಹ್ಞೂಂ ಅಂದ್ರಷ್ಟ ಅಂಗಡಿ ಕಂಪ್ಯೂಟರಿಗೆ ಹಾಕ್ತೇನಿ. ಊರ ಮಂದಿ ಕಾಗದಾ ಎಲ್ಲಾ ಅದರಾಗ ಅದಾವ’ ಎಂದಿದ್ದಳು ಜಾಸ್ಮಿನ.

ಮುದ್ದೇಬಿಹಾಳದ ಭಾನುವಾರದ ಮಧ್ಯಾಹ್ನ. ಬಿಸಿಲು ಹೊಸ್ತಿಲು ದಾಟಿ ಪಡಸಾಲೆಯ ಅರ್ಧದವರೆಗೆ ಬಂದು ಮಲಗಿತ್ತು. ಮನೆಯೊಡತಿ ಸುಂದರವ್ವ ಊಟ ಮುಗಿಸಿ, ಬಾಡಿಗೆಗಿದ್ದ ಕಾಲೇಜಿನ ಕಂಪ್ಯೂಟರ್ ಟೀಚರ್ ಶಿವಾನಿಯ ಪಕ್ಕ ಬಂದು ಕುಳಿತಳು.

“ಪರದೆದಾಗ ಮತ್ತೊಂದು ಪರದೆ ಯಾಕ ಕಾಣಾಕತ್ತೈತಿ?”

“ಕಂಪ್ಯೂಟರಿನೊಳಗ ಇನ್ನೊಂದು ಕಂಪ್ಯೂಟರ್ ಇದ್ದಂಗ್ರಿ ಕಾಕು. ಸ್ಯಾಂಡ್‌ಬಾಕ್ಸ್ ಅಂತಾರ. ನಂಬಿಕಿ ಇಲ್ಲದ್ದನ್ನ ಇದರಾಗ ಬಿಡೂದು. ಒಳಗ ಏನ ಹಾಳ ಮಾಡಿದ್ರೂ ಹೊರಗ ಬರಾಕ ಹಾದಿ ಇಲ್ಲ.”

“ಇದು ಏನೂ ಮಾಡವಲ್ದಲ್ಲ?”

“ಅದ ನನಗ ಸಂಶೆ. ಇಂಥಾವು ಭಾಳ ಶಾಣ್ಯಾ ಇರ್ತಾವ. ಒಂದು ಫೋಟೊ ಇಲ್ಲ, ಮೌಸ್ ಅಲಗವಲ್ದು ಅಂದ್ರ, ಇದು ಪರೀಕ್ಷೆ ಮಾಡೂ ಜಾಗಾ ಅಂತ ತಿಳಕೊಂಡು ಸತ್ತಂಗ ಬಿದ್ದಿರ್ತಾವ. ಇಲ್ಲಿ ಯಾರೋ ಬಾಳೇ ಮಾಡಾಕತ್ತಾರ ಅಂತ ಅದಕ್ಕ ಅನಸಬೇಕು.”

“ಯಾರು?”

“ಯಾರನ್ನರ ಮಾಡೋಣ್ರಿ. ನೀವ ಹೇಳ್ರಿ.”

ಸುಂದರವ್ವ ತಿರುಗುವ ಫ್ಯಾನಿನತ್ತ ಮುಖವೆತ್ತಿದಳು. “ಚಂದ್ರಕಲಾ,” ಎಂದಳು. “ಆಲಮೇಲದಾಕಿ. ಹೊಳಿ ಸಮೀಪ ಮನಿ. ಸಾಲ್ಯಾಗ ಟೀಚರ್. ದಿನಾ ತಾನ ಗಾಡಿ ಹೊಡಕೊಂಡು ಸಿಂದಗಿಗೆ ಹೋಗ್ತಾಳ. ಯಾರ ಹಿಂದೂ ಕುಂಡ್ರೂದಿಲ್ಲ.”

ಶಿವಾನಿ ತಿರುಗಿ ನೋಡಿದಳು. ಸುಂದರವ್ವ ಎಲ್ಲಿಗೆ ಹೋಗಬೇಕಾದರೂ ಮೈದುನನ ಮಗ ಅನಿಲನ ಬೈಕಿನ ಹಿಂದೆ, ಒಂದೇ ಕಡೆ ಕಾಲು ಇಳಿಬಿಟ್ಟು ಕೂತೇ ಹೋಗುವಾಕೆ. ಅನಿಲನಿಗೆ ಪುರುಸೊತ್ತಿಲ್ಲದ ದಿನ ಆ ಪ್ರಯಾಣವೇ ಇಲ್ಲ.

ಇಬ್ಬರೂ ಸೇರಿ ಚಂದ್ರಕಲಾಳನ್ನು ಮಾಡತೊಡಗಿದರು. ಶಿವಾನಿ ಇಂಟರ್ನೆಟ್ಟಿನಿಂದ ಚಿತ್ರಗಳನ್ನು ಹುಡುಕಿ ತಂದು ಆ ಪುಟ್ಟ ಪರದೆಯೊಳಗೆ ಇಟ್ಟಳು: ನೀಲಿ ಬಣ್ಣದ ಸ್ಕೂಟಿ, ಹೂವಾದ ಕಬ್ಬು, ಭೀಮಾ ನದಿಯ ದಂಡೆಯ ಉಸುಕು. ರಜೆಯಲ್ಲಿ ಚಂದ್ರಕಲಾ ಎಲ್ಲಿಗೆ ಹೋಗುತ್ತಾಳೆಂದು ಕೇಳಿದರೆ ಸುಂದರವ್ವನ ಬಳಿ ಉತ್ತರ ತಯಾರಿತ್ತು. “ಹೊರ್ತಿ ಊರಿಗೆ, ಅಕ್ಕನ ಮನಿಗೆ. ಇಂಡಿ ಮ್ಯಾಲಿಂದ ಹಾದು. ಮನಸ್ಸಾದ್ರ ಬಾಗೇವಾಡಿಗೂ ಹೋಗಿ ಬರ್ತಾಳ. ಯಾಕಂತ ಯಾರಿಗೂ ಹೇಳಬೇಕಾಗಿಲ್ಲ.” ಶಿವಾನಿ ಅದನ್ನೂ ಟೈಪು ಮಾಡಿಟ್ಟಳು.

ಆಮೇಲೆ ಮೌಸನ್ನು ಸುಂದರವ್ವನ ಅಂಗೈಯ ಕೆಳಗೆ ಸರಿಸಿದಳು. “ಈಗ ನೀವ ಚಂದ್ರಕಲಾ. ಅಡ್ಡಾಡ್ರಿ.”

ಮೊದಲು ಮೌಸಿನ ಬಾಣ ಎಲ್ಲೆಲ್ಲೋ ಓಡಿತು. ನಂತರ ಚಿತ್ರಗಳು ಒಂದೊಂದಾಗಿ ತೆರೆದುಕೊಂಡವು. ಫ್ಯಾನಿನ ಗಾಳಿಗೆ ಸೆರಗು ಹಾರುತ್ತಿತ್ತು. ಸುಂದರವ್ವನಿಗೆ ಫ್ಯಾನಿನ ಸದ್ದು ದೂರವಾಯಿತು, ಎರಡೂ ಬದಿಗೆ ಕಬ್ಬು ಹಿಂದಕ್ಕೆ ಹಿಂದಕ್ಕೆ ಸರಿಯಿತು, ಹೊಳೆಯ ತಂಪು ಮುಖಕ್ಕೆ ಬಡಿಯಿತು. ಆಕೆ ಏನನ್ನೋ ಗುನುಗುತ್ತಿದ್ದಳು. ಶಿವಾನಿ ಅಲುಗದೆ ಕುಳಿತಳು, ನಿದ್ದೆ ಮಾಡುವ ಮಗುವಿನ ಪಕ್ಕ ಕುಳಿತ ಹಾಗೆ.

ಹೊಳೆಯ ಚಿತ್ರ ಥಟ್ಟನೆ ಬಿಳಿಯಾಯಿತು. ಹಿಂದೆಯೇ ಸ್ಕೂಟಿ. ಕಬ್ಬು. ಹೊರ್ತಿಯ ದಾರಿ. ಎಲ್ಲದರ ಹೆಸರುಗಳೂ ಅರ್ಥವಿಲ್ಲದ ಅಕ್ಷರಗಳಾದವು. ಪರದೆಯ ತುಂಬ ಕೆಂಪು ಇಂಗ್ಲಿಷು ಎದ್ದು ನಿಂತಿತು.

ಸುಂದರವ್ವ ಬೆಂಕಿ ತಾಗಿದವಳಂತೆ ಕೈ ಎಳೆದುಕೊಂಡಳು. “ನಾ ಏನ ಮಾಡಿದ್ನಿ?”

“ನೀವಲ್ರಿ. ಅದು ಚಂದ್ರಕಲಾನ್ನ ನಂಬಿತು.” ಶಿವಾನಿ ಆಗಲೇ ಫೋನು ಹಚ್ಚಿದ್ದಳು. “ಜಾಸ್ಮಿನ, ಹಾಕಬ್ಯಾಡ! ಇದ್ದಬಿದ್ದ ಫೈಲಿಗೆಲ್ಲಾ ಕೀಲಿ ಜಡದು ರೊಕ್ಕಾ ಕೇಳತೈತಿ.”

“ಯಾ ಅಲ್ಲಾ! ಹಾಕಬೇಕಂತ ಪೆನ್‌ಡ್ರೈವ್ ಕೈಯಾಗ ಹಿಡಕೊಂಡ ಕುಂತೇನಲ್ಲ,” ಎಂದಳು ಜಾಸ್ಮಿನ.

ಶಿವಾನಿ ಒಂದು ಗುಂಡಿ ಒತ್ತಿದಳು. ಪುಟ್ಟ ಪರದೆ ಕಣ್ಣುಮುಚ್ಚಿ ತೆರೆಯಿತು. ಮೊದಲಿನ ಹಾಗೆ ಖಾಲಿ, ನೀಲಿ. “ಮುಗೀತ್ರಿ. ಏನೂ ಆಗೇ ಇಲ್ಲ ಅಂತ ತಿಳೀರಿ.”

“ಚಂದ್ರಕಲಾ?”

ಶಿವಾನಿ ಆಕೆಯತ್ತ ತಿರುಗಿದಳು. “ಅಕಿನೂ ಹೋದ್ಳ್ರಿ. ಬೇಕಂದ್ರ ಮತ್ತ ಮಾಡೋಣು, ಕಾಕು. ಎಷ್ಟೊತ್ತಿನ ಕೆಲಸ?”

“ಬ್ಯಾಡ.” ಸುಂದರವ್ವ ಎದ್ದು ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. “ನಿನ್ನ ಸ್ಕೂಟಿ ಕೀಲಿ ಕೊಡು.”

ಇಳಿಹೊತ್ತಿಗೆ ಮಾರ್ಕೆಟ್ ಯಾರ್ಡು ಖಾಲಿ ಬಿದ್ದಿತ್ತು. ಸುಂದರವ್ವ ಕೂತ ಗಾಡಿಯನ್ನು ಶಿವಾನಿ ಹಿಂದಿನಿಂದ ಹಿಡಿದುಕೊಂಡು ಒಂದಷ್ಟು ದೂರ ಓಡಿದಳು, ಆಮೇಲೆ ಬಿಟ್ಟಳು. ಗಾಡಿ ತೂರಾಡುತ್ತ, ಬಿಸಿಲಿನ ಧೂಳಿನಲ್ಲಿ ಚಿನ್ನದ ಗೆರೆ ಎಳೆಯುತ್ತ ಸಾಗಿತು. ಬೇವಿನ ಮರ ದಾಟಿತು. ತಿರುವಿನಲ್ಲಿ ವಾಲಿತು, ಬಿತ್ತು.

ಶಿವಾನಿ ಚೀರಿ ಓಡಿ ಬಂದಾಗ ಸುಂದರವ್ವ ನೆಲದ ಮೇಲೆ ಕುಳಿತು, ತರಚಿದ ಮೊಣಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಧೂಳಿನ ಮೇಲೆ ಸಣ್ಣಗೆ ರಕ್ತ ಜಿನುಗುತ್ತಿತ್ತು. ಮುಖವೆತ್ತಿ ನಕ್ಕಳು.

“ಶಿವಾನಿ, ಖರೇನ ಉರಿಯಾಕತ್ತೈತಿ!”