ಕನ್ನಡಿಯಲ್ಲಿ ಬಂದ ಡ್ಯೂಟಿ

ಆಷಾಢದ ಗಾಳಿ ಬೀಸುತ್ತಿದ್ದ ಕಾಲ... ಬೆಳಗಿನ ಜಾವ, ಹಾಲಿನವನು ಇನ್ನೂ ಬಂದಿರಲಿಲ್ಲ.

ನಮ್ಮ ಯಜಮಾನರು ಕನ್ನಡಿ ಮುಂದೆ ತಲೆ ಬಾಚಿ, ಹಣೆಗೆ ವಿಭೂತಿ ಇಟ್ಟುಕೊಂಡು, "ತೀರ್ಥಾ, ಬುತ್ತಿ ಕಟ್ಟಿದ್ಯಾ? ಫಸ್ಟ್ ಟ್ರಿಪ್ ನಂದೇ ಕಣೆ" ಅಂದರು.

ಅವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ರಿಟೈರ್ ಆಗಿ ಎಷ್ಟೋ ವರ್ಷವಾಗಿತ್ತು... ಅದು ಅವರಿಗೆ ಮರೆತುಹೋಗಿತ್ತು.

ಅಂದಿನಿಂದ ದಿನಾ ಇದೇ. ಒಮ್ಮೆ ನಾನು ಬಚ್ಚಲಲ್ಲಿದ್ದಾಗ ಹೊರಟೇಬಿಟ್ಟರು. ಹೈವೇ ಮೇಲೆ ಲಾರಿಗಳ ನಡುವೆ ನಡೆಯುತ್ತಿದ್ದವರನ್ನು ಯಾರೋ ಪುಣ್ಯಾತ್ಮರು ಕರೆತಂದರು.

"ಹೊರಗಿನಿಂದ ಬೀಗ ಹಾಕಿ" ಎಂದರು ಎಲ್ಲರೂ. ಊರೂರು ಸುತ್ತಿದ ಮನುಷ್ಯನನ್ನು ಕೂಡಿಹಾಕಲು ನನಗೆ ಮನಸ್ಸು ಬರಲಿಲ್ಲ...

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಸಬೀನಾ, ಅರಸೀಕೆರೆಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಮೇಡಂ. ಹೊರಡುವ ಮುಂಚೆ ಅವರು ದಿನಾ ಕನ್ನಡಿ ಮುಂದೆ ನಿಲ್ಲುವುದನ್ನು ಕಂಡು, ಅವಳು ಒಂದು ಸ್ಮಾರ್ಟ್ ಮಿರರ್ ಮಾಡಿ, ಹಳೆಯ ಕನ್ನಡಿಯ ಜಾಗದಲ್ಲಿ ನೇತುಹಾಕಿದಳು.

ನೋಡಲು ಕನ್ನಡಿಯೇ... ಹಿಂದೆ ಒಂದು ಪುಟ್ಟ ಕಂಪ್ಯೂಟರ್. ಎದುರಿಗೆ ಯಾರಾದರೂ ನಿಂತರೆ ಗಾಜಿನಲ್ಲಿ ಅಕ್ಷರ ಬೆಳಗುತ್ತವೆ.

"ಇದಕ್ಕೆ ಬೇಕಾದ್ದನ್ನ ನಾವೇ ಸೇರಿಸ್ಕೋಬಹುದು ಅಜ್ಜಿ. ಮಾಡ್ಯೂಲ್ ಅಂತಾರೆ. ನೀವೇ ಕಲೀರಿ" ಅಂದಳು.

"ಮೂರನೇ ಕ್ಲಾಸ್ ಓದಿರೋಳಿಗಾ? ನಿಂಗೆ ಬೇರೆ ಕೆಲ್ಸ ಇಲ್ವೇನೆ?"

"ಅಡುಗೆಮನೆ ಶೆಲ್ಫು ಅನ್ಕೊಳ್ಳಿ. ಹೊಸ ಡಬ್ಬ ತಂದಿಡೋದು... ಅದರ ಹೆಸರು ಬರೆಯೋದು... ಯಾವ ಮೂಲೇಲಿ ಕಾಣ್ಬೇಕು ಅಂತ ಹೇಳೋದು. ಆಮೇಲೆ ಒಂದ್ಸಲ ಆಫ್ ಮಾಡಿ ಆನ್ ಮಾಡೋದು. ಅಷ್ಟೇ!"

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಒಂದು ಹೆಸರಿಗೂ ಇನ್ನೊಂದಕ್ಕೂ ನಡುವೆ ಕಾಮಾ ಬಿಟ್ಟುಹೋದರೆ ಇಡೀ ಕನ್ನಡಿ ಕಪ್ಪಗೆ ಮುನಿಸಿಕೊಂಡು ಕೂರುತ್ತಿತ್ತು.

"ಕಾಮಾ ಎಲ್ಲಜ್ಜಿ?"

"ನುಂಗ್ಬಿಟ್ಟೆ ಕಣೆ..."

ಮೊದಲು ಗಡಿಯಾರ ಸೇರಿಸಿದೆ. "ಅಯ್ಯೋ, ಟೈಮಾಯ್ತು!" ಎಂದು ಯಜಮಾನರು ಬಾಗಿಲಿಗೆ ಓಡಿದರು.

ಹವಾಮಾನ ಸೇರಿಸಿದೆ. "ಮಳೆ ಐತಂತೆ, ರೋಡು ಜಾರ್ತದೆ. ಬೇಗ ಗಾಡಿ ತೆಗೀಬೇಕು" ಎಂದು ಇನ್ನೂ ಮುಂಚೆ ಹೊರಟರು.

ಸಬೀನಾ ತಲೆ ಚಚ್ಚಿಕೊಂಡಳು.

ಆಗ ನನಗೆ ಬಸ್ ಡಿಪೋದಲ್ಲಿ ಯಾರಿಗೆ ಯಾವ ರೂಟು, ಯಾರಿಗೆ ರಜೆ ಎಂದು ಬರೆದಿಡುವ ಡ್ಯೂಟಿ ಬೋರ್ಡು ನೆನಪಾಯಿತು. ಯಾರು ಏನೇ ಹೇಳಲಿ, ಅವರಿಗೆ ಬೋರ್ಡಿನಲ್ಲಿ ಬರೆದದ್ದೇ ಕೊನೆಯ ಮಾತು. ನಮ್ಮ ಮದುವೆಯ ಮಾರನೆಯ ದಿನವೂ "ಬೋರ್ಡ್ ನೋಡ್ಕಂಡ್ ಬತ್ತೀನಿ" ಎಂದು ಹೋಗಿದ್ದ ಮನುಷ್ಯ!

ನಾವು ಬರೆದ ಸಾಲನ್ನು ತೋರಿಸುವ ಮಾಡ್ಯೂಲ್ ಒಂದಿತ್ತು. ಅದನ್ನು ಸೇರಿಸಿ, ಕೀಬೋರ್ಡಿನಲ್ಲಿ ಒಂದೊಂದೇ ಅಕ್ಷರ ಒತ್ತಿದೆ...

"ಡ್ರೈವರ್ ಮರುಳಸಿದ್ದಪ್ಪ. ಇಂದು ವೀಕ್ಲಿ ಆಫ್."

ಮಾರನೆಯ ಬೆಳಿಗ್ಗೆ ಓದಿದರು... ಬುತ್ತಿ ಚೀಲ ಕೆಳಗಿಟ್ಟರು.

"ಆಫ್ ಕೊಟ್ಟವ್ರೆ ಕಣೆ. ಒಂದ್ ಕಾಫಿ ಮಾಡು."

ಅಂದಿನಿಂದ ಅವರು ಬಾಗಿಲು ದಾಟಲಿಲ್ಲ. ನಾವು ಗೆದ್ದೆವು ಅಂದುಕೊಂಡೆವು.

ಆಯುಧಪೂಜೆ ಬಂತು. ಡ್ರೈವರ್ ಮನೆಯಲ್ಲಿ ಪೂಜೆಯಾಗದ ಯಂತ್ರ ಇರುವುದುಂಟೇ? ಮಿಕ್ಸಿಗೆ, ಹೊಲಿಗೆ ಮಿಷಿನ್ನಿಗೆ ಇಟ್ಟ ಹಾಗೆ ಕನ್ನಡಿಗೂ ಗಂಧ, ಕುಂಕುಮ ಇಟ್ಟೆ.

ಚೌಕಟ್ಟಿನ ಕೆಳಗೆ ಗುಂಡಗೆ ಒಂದು ಬಿಳಿ ಮಣಿಯಿತ್ತು... ಬೊಟ್ಟಿಡಲೆಂದೇ ಮಾಡಿದ ಹಾಗೆ. ಅಲ್ಲಿಗೆ ದಪ್ಪಗೆ ಮೆತ್ತಿದೆ.

ಅದು ಕನ್ನಡಿಯ ಕಣ್ಣು! ಎದುರಿಗೆ ಯಾರು ನಿಂತರೂ ತಿಳಿಯದೆ ಕನ್ನಡಿ ಮಲಗೇ ಇತ್ತು.

ವಿಜಯದಶಮಿಯ ಬೆಳಿಗ್ಗೆ ಎದ್ದು ನೋಡಿದರೆ... ಬಾಗಿಲು ತೆರೆದಿದೆ. ಅವರಿಲ್ಲ.

ನಾನೂ ಸಬೀನಾಳೂ ಹುಡುಕದ ಬೀದಿಯಿಲ್ಲ. ಕೊನೆಗೆ ಸಿಕ್ಕಿದ್ದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ. ಮಡಿಲಲ್ಲಿ ಖಾಲಿ ಬುತ್ತಿ ಚೀಲ.

ನನ್ನನ್ನು ಕಂಡದ್ದೇ ಮಗುವಿನ ಹಾಗೆ ಅತ್ತುಬಿಟ್ಟರು.

"ದಿನಾ ಆಫ್ ಹಾಕುದ್ರು, ಸುಮ್ಕಿದ್ದೆ... ಇವತ್ತು ಬೋರ್ಡ್‌ನಾಗೆ ನನ್ನ ಹೆಸ್ರೇ ಇಲ್ಲ ಕಣೆ ತೀರ್ಥಾ. ನಾನೇನು ತಪ್ಪು ಮಾಡ್ದೆ? ನಾನು ಯಾರ್ಗೂ ಬ್ಯಾಡ್ವಾ?"

ನಾವು ಅವರಿಗೆ ವಿಶ್ರಾಂತಿ ಕೊಟ್ಟಿದ್ದೇವೆ ಅಂದುಕೊಂಡಿದ್ದೆವು... ಅವರು ದಿನವೂ ಕರೆ ಬರಲೆಂದು ಕಾಯುತ್ತಿದ್ದರು.

ಮನೆಗೆ ಬಂದು ಕನ್ನಡಿಯ ಕಣ್ಣು ಒರೆಸಿದೆ. "ನಾನು ಬರೀಲಾ ಅಜ್ಜಿ?" ಎಂದಳು ಸಬೀನಾ.

"ಬ್ಯಾಡ ಕಣವ್ವ. ಇದನ್ನ ನಾನೇ ಬರೀಬೇಕು."

ಮಾರನೆಯ ಬೆಳಿಗ್ಗೆ ಕನ್ನಡಿಯಲ್ಲಿ ಅಕ್ಷರ ಬೆಳಗಿದವು...

"ಡ್ರೈವರ್: ಮರುಳಸಿದ್ದಪ್ಪ. ರೂಟ್: ಮನೆಯಿಂದ ಕೆರೆ ಏರಿ, ವಾಪಸ್ ಮನೆ. ಕಂಡಕ್ಟರ್: ತೀರ್ಥಮ್ಮ."

ಮತ್ತೆ ಮತ್ತೆ ಓದಿದರು. ಕಾಲರ್ ಸರಿಮಾಡಿಕೊಂಡರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಲೇಡಿ ಕಂಡಕ್ಟರ್ ಹಾಕವ್ರಲ್ಲಪ್ಪ! ವಿಷಲ್ ಹೊಡೆಯಾಕೆ ಬತ್ತದೇನೆ ನಿಂಗೆ?"

"ಬಾಯಲ್ಲೇ ಹೇಳ್ತೀನಿ, ನಡೀರಿ... ರೈಟ್, ರೈಟ್!"

ಅವರು ಮುಂದೆ, ನಾನು ಹಿಂದೆ. ತಿರುವು ಬಂದಾಗ ಕೈ ಚಾಚಿ ನಿಲ್ಲುತ್ತಿದ್ದರು. "ಹಿಂದೆ ಗಾಡಿ ಐತೇನೆ?" "ಇಲ್ಲ, ಹೋಗ್ರಿ!" ಮನೆ ಬಂದಾಗ ನಾನು "ಕಡೇ ಸ್ಟಾಪು" ಅನ್ನಬೇಕು, ಆಗಲೇ ಅವರು ಚಪ್ಪಲಿ ಬಿಡುವುದು.

ಭಾನುವಾರ ಸಬೀನಾ ಜೊತೆಗೆ ಬಂದರೆ, "ಟಿಕೆಟ್ ಹರುದ್ಯೇನೆ ಈ ಹುಡ್ಗಿಗೆ?" ಎಂದು ನನ್ನನ್ನೇ ಗದರುತ್ತಿದ್ದರು.

ಆಮೇಲೆ ಒಂದು ದಿನವೂ ಅವರು ಒಬ್ಬರೇ ಹೊರಗೆ ಹೋಗಲಿಲ್ಲ... ಕಂಡಕ್ಟರ್ ಇಲ್ಲದೆ ಗಾಡಿ ತೆಗೆಯುವ ಡ್ರೈವರ್ ಅಲ್ಲ ಅವರು.

ವಯಸ್ಸಾದವರಿಗೆ ವಿಶ್ರಾಂತಿ ಒಂದೇ ಸಾಲದು... "ನೀವು ಬೇಕು" ಎಂಬ ಕರೆಯೂ ಬೇಕು.

ನಿಮ್ಮ ಮನೆಯ ಹಿರಿಯರ ಹೆಸರು ಇವತ್ತು ಯಾವ ಕೆಲಸದ ಮುಂದೆ ಇದೆ... ಒಮ್ಮೆ ನೋಡಿಕೊಳ್ಳುತ್ತೀರಾ?

ನಮ್ಮ ಡ್ರೈವರ್ ಹೋದದ್ದು ಶಿವರಾತ್ರಿ ಕಳೆದ ಮೇಲಿನ ಸೋಮವಾರ... ಬೆಳಗಿನ ಟ್ರಿಪ್ ಮುಗಿಸಿ, ಚಪ್ಪಲಿ ಬಿಟ್ಟ ಮೇಲೆ.